ಮನೆಯ ಸಾಧನೆಯೋ, ಗರಡಿಯ ಸಾಧನೆಯೋ?

ದೇಹಸಾಧನೆ ಆವಶ್ಯಕವೆಂಬುದರಲ್ಲಿ ಈಗ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಭಿನ್ನಾಭಿಪ್ರಾಯವಿರುವುದು ಅದನ್ನು ಎಲ್ಲಿ ಮಾಡಬೇಕೆಂಬುದರಲ್ಲಿ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ಊರುಗಳಲ್ಲಿಯೂ ಕಚೇರಿ, ಶಾಲೆ, ಬ್ಯಾಂಕು, ಅಂಗಡಿಗಳಲ್ಲಿ ಕುಳಿತು ಜೀವನ ಸಾಗಿಸುವವರು ಅನೇಕರು. ಇವರಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಕಾಣಿಸಿಕೊಂಡು, ವೈದ್ಯರು ವ್ಯಾಯಾಮವನ್ನು ವಿಧಿಸಿದೊಡನೆ ಈ ಪ್ರಶ್ನೆ ಏಳುತ್ತದೆ. ಹಣ ಕಟ್ಟಿ ಜಿಮ್ ಎಂದು ಹೆಸರು ಪಡೆದಿರುವ ಹೊಸ ಗರಡಿಗೆ ಸೇರುವುದು ಮೇಲೋ, ಮನೆಯ ಹಜಾರದಲ್ಲಿ ಚಾಪೆ ಹಾಸಿಕೊಂಡು ಸಾಧನೆ ಮಾಡುವುದು ಮೇಲೋ? ಇದನ್ನು ಇಂದು ವಿಚಾರ ಮಾಡೋಣ.

ಮೊದಲು ದೇಹವು ನಮ್ಮಿಂದ ಏನನ್ನು ಕೇಳುತ್ತದೆಂಬುದನ್ನು ತಿಳಿಯಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಸೂಚನೆಯ ಪ್ರಕಾರ, ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಮಧ್ಯಮ ತರಗತಿಯ ಶ್ರಮವನ್ನಾಗಲಿ, 75ರಿಂದ 150 ನಿಮಿಷಗಳಷ್ಟು ತೀವ್ರವಾದ ಶ್ರಮವನ್ನಾಗಲಿ ಮಾಡತಕ್ಕದ್ದು. ಅದಲ್ಲದೆ ವಾರಕ್ಕೆ ಎರಡು ದಿನವಾದರೂ ಮುಖ್ಯ ಮಾಂಸಖಂಡಗಳಿಗೆಲ್ಲ ಬಲದ ಕೆಲಸ ಕೊಡತಕ್ಕದ್ದು. ಅರವತ್ತೈದು ದಾಟಿದವರು ಇದರ ಜೊತೆಗೆ ವಾರಕ್ಕೆ ಮೂರು ದಿನ ಸಮತೋಲವನ್ನು ಕಾಪಾಡುವ ಅಭ್ಯಾಸಗಳನ್ನೂ ಮಾಡುವುದು ಹಿತ. ಮಧ್ಯಮ ಶ್ರಮವೆಂದರೆ ಮಾತನಾಡಲು ಸಾಧ್ಯವಾಗಿ, ಹಾಡಲು ಸಾಧ್ಯವಾಗದಷ್ಟು ಉಸಿರೇರುವ ಶ್ರಮ. ನಮ್ಮ ಆಯುರ್ವೇದದ ಆಚಾರ್ಯರೂ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂದು ಹೇಳಿ, ಅದಕ್ಕೆ ಬೆವರು ಮತ್ತು ಉಸಿರುಗಳನ್ನೇ ಗುರುತಾಗಿ ಕೊಟ್ಟಿದ್ದಾರೆ. ಈ ಅಳತೆಗಳಲ್ಲಿ ಯಾವುದರಲ್ಲಿಯೂ ಸ್ಥಳದ ಪ್ರಸ್ತಾಪವಿಲ್ಲವೆಂಬುದನ್ನು ಗಮನಿಸಬೇಕು. ಹೃದಯಕ್ಕೆ ಗೊತ್ತಾಗುವುದು ಶ್ರಮವೇ ಹೊರತು ಅದು ನಡೆದ ಕಟ್ಟಡವಲ್ಲ.

ಹಾಗಾದರೆ ದಿನದ ದುಡಿಮೆಯೇ ಸಾಲದೇ ಎಂದು ಕೆಲವರು ಕೇಳುವುದುಂಟು. ದುಡಿಮೆ ಎಂತಹುದೆಂಬುದರ ಮೇಲೆ ಇದು ನಿಂತಿದೆ. ಲಂಡನ್ ನಗರದ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಕುರಿತು ಜೆರೆಮಿ ಮಾರಿಸ್ ಎಂಬ ವೈದ್ಯರೂ ಅವರ ಸಂಗಡಿಗರೂ 1953ರಲ್ಲಿ ಒಂದು ಸಂಶೋಧನೆಯನ್ನು ಪ್ರಕಟಿಸಿದರು. ದಿನವೆಲ್ಲ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಕಂಡಕ್ಟರುಗಳಿಗಿಂತ, ಕುಳಿತೇ ಇರುತ್ತಿದ್ದ ಡ್ರೈವರುಗಳಲ್ಲಿ ಹೃದ್ರೋಗ ಹೆಚ್ಚಾಗಿ ಕಂಡುಬಂದಿತು. ನಮ್ಮ ತಾಲ್ಲೂಕುಗಳಲ್ಲಿಯೂ ಗದ್ದೆಯಲ್ಲಿ ನಾಟಿ ಮಾಡುವ ಹೆಣ್ಣುಮಗಳಿಗೂ, ಹೊಗೆಸೊಪ್ಪು ಮುರಿದು ಬ್ಯಾರನ್ನಿಗೆ ಏರಿಸುವ ರೈತನಿಗೂ ಶ್ರಮದ ಕೊರತೆಯಿಲ್ಲ. ಅವರಿಗೆ ಬೇಕಾದದ್ದು ಬಗ್ಗಿದ ಬೆನ್ನನ್ನು ಹಿಂದಕ್ಕೆ ನೀಡುವ ನಾಲ್ಕು ಅಭ್ಯಾಸಗಳು ಮತ್ತು ಸಾಕಷ್ಟು ವಿಶ್ರಾಂತಿ. ಆದರೆ ಅದೇ ರೈತನ ಮಗನು ಗುಮಾಸ್ತನಾಗಿ ಪೇಟೆಯಲ್ಲಿ ನೆಲಸಿದನೆಂದರೆ, ತಂದೆಯ ಊಟದ ಪ್ರಮಾಣ ಉಳಿದು ತಂದೆಯ ದುಡಿಮೆ ಮಾತ್ರ ಬಿಟ್ಟುಹೋಗುತ್ತದೆ. ಮನೆಯೊಳಗೂ ಇದೇ ಕಥೆ. ಬೀಸುವ ಕಲ್ಲು, ಒನಕೆ, ಬಾವಿಯ ಹಗ್ಗ ಇವು ಹೋದುದು ಹೆಂಗಸರಿಗೆ ದೊಡ್ಡ ಉಪಕಾರವೇ ಸರಿ. ಆದರೆ ತೋಳಿಗೂ ಬೆನ್ನಿಗೂ ಅವು ಕೊಡುತ್ತಿದ್ದ ಬಲವನ್ನು ಈಗ ಬೇರೆ ಬಗೆಯಲ್ಲಿ ಸಂಪಾದಿಸಬೇಕಾಗಿದೆ.

ಈಗ ಗರಡಿಯ ವಿಷಯ. ಮೈಸೂರು ಸೀಮೆಗೆ ಗರಡಿ ಹೊಸದಲ್ಲ. ಆಂಜನೇಯನ ಮೂರ್ತಿ, ಕೆಮ್ಮಣ್ಣಿನ ಮಟ್ಟಿ, ಗೋಡೆಗೊರಗಿದ ಗದೆಗಳು, ದಂಡ ಹೊಡೆಯುವ ಹುಡುಗರು, ಅವರನ್ನು ತಿದ್ದುವ ಉಸ್ತಾದರು — ಇಂತಹ ಗರಡಿಗಳಲ್ಲಿ ಪಳಗಿದ ಪೈಲ್ವಾನರೇ ದಸರಾ ಕುಸ್ತಿಯಲ್ಲಿ ಮೆರೆದವರು. ಆ ಕುಸ್ತಿ ಈಗಲೂ ಮೈಸೂರಿನ ದೊಡ್ಡಕೆರೆ ಮೈದಾನದ ಬಳಿ ದೇವರಾಜ ಅರಸರ ಹೆಸರಿನ ಕ್ರೀಡಾಂಗಣದಲ್ಲಿ ನಡೆಯುತ್ತದೆ. ಈ ದೇವರಾಜ ಅರಸರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಮಟ್ಟಿಯ ಬದಲು ಕಬ್ಬಿಣದ ಯಂತ್ರಗಳೂ, ಆಂಜನೇಯನ ಜೊತೆಗೆ ಗೋಡೆಯುದ್ದದ ಕನ್ನಡಿಗಳೂ ಬಂದಿರುವುದು ಹೌದು. ಆದರೂ ಗರಡಿಯ ಸಾರ ಹಳೆಯದೇ. ಅದು ಮೂರು ವಸ್ತುಗಳನ್ನು ಒದಗಿಸುತ್ತದೆ. ಮೊದಲನೆಯದು, ತಪ್ಪನ್ನು ಕಾಣುವ ಗುರುವಿನ ಕಣ್ಣು. ಎರಡನೆಯದು, ಬಾರದಿದ್ದರೆ ಏಕೆ ಬರಲಿಲ್ಲವೆಂದು ವಿಚಾರಿಸುವ ಜೊತೆಗಾರರು. ಮೂರನೆಯದು, ಬಲ ಬೆಳೆದಂತೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬಹುದಾದ ಭಾರ. ಈ ಮೂರನೆಯದು ಬಹು ಮುಖ್ಯ. ದೇಹವು ತನಗೆ ಒಗ್ಗಿದ ಕೆಲಸದಿಂದ ಮತ್ತಷ್ಟು ಬಲಗೊಳ್ಳದು. ಭಾರವೋ ಎಣಿಕೆಯೋ ಕ್ರಮವಾಗಿ ಏರಬೇಕು.

ಮನೆಯ ಸಾಧನೆಗೂ ನಮ್ಮಲ್ಲಿ ಗೌರವದ ಪರಂಪರೆಯೇ ಇದೆ. ಔಂಧ್ ಸಂಸ್ಥಾನದ ರಾಜರಾದ ಭವಾನರಾವ್ ಪಂತ ಪ್ರತಿನಿಧಿಯವರು 1920ರ ದಶಕದಲ್ಲಿ ಸೂರ್ಯನಮಸ್ಕಾರವನ್ನು ಪ್ರಚಾರ ಮಾಡಿದರು. ಅದಕ್ಕೆ ಬೇಕಾದದ್ದು ಒಬ್ಬ ಮನುಷ್ಯನು ಉದ್ದಕ್ಕೆ ಮಲಗುವಷ್ಟು ನೆಲ ಮಾತ್ರ. ಬೆಂಗಳೂರಿನಲ್ಲಿ ದೊಡ್ಡ ವ್ಯಾಯಾಮಶಾಲೆಯನ್ನು ನಡೆಸಿದ ಕೆ. ವಿ. ಅಯ್ಯರ್ ಅವರು — ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ಕನ್ನಡ ಓದುಗರಿಗೆ ಪರಿಚಿತರಾದವರು — ದೂರದ ಊರಿನವರಿಗೆ ಅಂಚೆಯ ಮೂಲಕವೂ ಅಂಗಸಾಧನೆಯನ್ನು ಬೋಧಿಸುತ್ತಿದ್ದರು. ವ್ಯಾಯಾಮಶಾಲೆಯ ಒಡೆಯರೇ ಮನೆಯ ಸಾಧನೆಯನ್ನು ಕಡೆಗಣಿಸಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಮನೆಯಲ್ಲಿ ಹಣದ ವೆಚ್ಚವಿಲ್ಲ, ದಾರಿಯ ವೆಚ್ಚವೂ ಇಲ್ಲ. ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ ಹಿಡಿಯುವ ಗರಡಿಗೆ ವರ್ಷಕ್ಕೆ 300 ದಿನ ಹೋದರೆ 300 ಗಂಟೆಗಳು ದಾರಿಯಲ್ಲೇ ಕಳೆಯುತ್ತವೆ. ಹತ್ತು ಜನರೆದುರು ಬೆವರು ಸುರಿಸಲು ಸಂಕೋಚಪಡುವ ಹೆಂಗಸರಿಗೂ ವೃದ್ಧರಿಗೂ ಮನೆಯೇ ಹಿತ.

ಆದರೆ ಮನೆಗೂ ಕೊರತೆಗಳುಂಟು. ತಪ್ಪಾಗಿ ಕಲಿತ ಬಸ್ಕಿಯನ್ನು ಮನೆಯಲ್ಲಿ ತಿದ್ದುವವರಿಲ್ಲ. ದಂಡದಿಂದ ಎದೆಗೂ ಬಸ್ಕಿಯಿಂದ ತೊಡೆಗೂ ಕೆಲಸ ದೊರೆಯುತ್ತದೆಯೇ ಹೊರತು, ಎಳೆಯುವ ಕೆಲಸವಿಲ್ಲದೆ ಬೆನ್ನು ಹಿಂದೆ ಬೀಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಮನೆಯಲ್ಲಿ ‘ನಾಳೆ ಮಾಡೋಣ’ ಎಂಬ ಮಾತಿಗೆ ಎದುರಾಡುವವರಿಲ್ಲ. ಗರಡಿಯ ಕೊರತೆ ಇದಕ್ಕೆ ವಿರುದ್ಧವಾದುದು: ಅಲ್ಲಿ ಹಣ ಮೊದಲು ಹೋಗುತ್ತದೆ, ಸಾಧಕನು ಆಮೇಲೆ ಹೋಗಬೇಕು. ವರ್ಷದ ಶುಲ್ಕವನ್ನು ಒಟ್ಟಿಗೆ ಕಟ್ಟಿದವನು ಮೂವತ್ತು ದಿನ ಮಾತ್ರ ಹೋದರೆ, 150 ದಿನ ಹೋದವನಿಗಿಂತ ದಿನವೊಂದಕ್ಕೆ ಐದು ಪಾಲು ಹೆಚ್ಚು ತೆತ್ತಂತಾಯಿತು.

ನಮ್ಮ ನಾಲ್ಕು ತಾಲ್ಲೂಕುಗಳ ಸ್ಥಿತಿಯನ್ನು ನೋಡಿದರೆ ಎಲ್ಲರಿಗೂ ಒಂದೇ ಉತ್ತರ ಸಲ್ಲದೆಂಬುದು ಸ್ಪಷ್ಟವಾಗುತ್ತದೆ. ಕೃಷ್ಣರಾಜನಗರದ ಕಡೆ ನಾಲೆಯ ಏರಿಯ ಮೇಲೆ ಬೆಳಗಿನ ನಡಿಗೆ ಸುಲಭ. ನಾಗರಹೊಳೆಯ ಕಾಡಂಚಿಗೆ ಸೇರಿದ ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣದ ಹಳ್ಳಿಗಳಲ್ಲಿ ನಸುಕಿನ ನಡಿಗೆ ಆನೆಯ ಭಯದಿಂದ ಕೂಡಿದ್ದು. ಅಲ್ಲಿ ಬಿಸಿಲೇರಿದ ಮೇಲೆ ನಡೆಯಬೇಕು, ಇಲ್ಲವೇ ಅಂಗಳದಲ್ಲಿಯೇ ಸಾಧನೆ ಮಾಡಬೇಕು. ಹೊಗೆಸೊಪ್ಪು ಬೆಳೆಯುವ ಮನೆಗಳಲ್ಲಿ ಬ್ಯಾರನ್ನಿನ ಬೆಂಕಿಯನ್ನು ಹಗಲಿರುಳು ಕಾಯಬೇಕಾದ ವಾರಗಳುಂಟು. ಆ ಕಾಲದಲ್ಲಿ ಪೇಟೆಯ ಗರಡಿಗೆ ದಿನವೂ ಬರುವೆನೆನ್ನುವುದು ಆಗದ ಮಾತು. ಆದಕಾರಣ ನಮ್ಮ ಆಯ್ಕೆ, ಸುಗ್ಗಿಯಲ್ಲಿಯೂ ಮಳೆಯಲ್ಲಿಯೂ ಮುರಿಯದೆ ನಡೆಯುವಂತಹುದಾಗಿರಬೇಕು.

ಹೀಗಾಗಿ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಯಾವುದು ಶ್ರೇಷ್ಠ’ ಎಂಬುದಲ್ಲ. ‘ನಲವತ್ತನೆಯ ದಿನ ನಾನು ಎಲ್ಲಿ ಇರುವೆನು’ ಎಂಬುದು. ಮೊದಲ ವಾರದ ಉತ್ಸಾಹ ಎಲ್ಲರಿಗೂ ಇರುತ್ತದೆ. ಅದು ಇಳಿದ ಮೇಲೆ ನಮ್ಮನ್ನು ಎಬ್ಬಿಸುವುದು ಯಾವುದು? ಜೊತೆಗಾರರ ಕರೆಯಾದರೆ ಗರಡಿಗೆ ಸೇರುವುದೇ ಸರಿ. ನಿಯಮಿತವಾದ ದಿನಚರಿಯಾದರೆ ಮನೆಯೇ ಸಾಕು.

ಈ ಎರಡನ್ನೂ ಕೂಡಿಸುವ ಮಾರ್ಗವೊಂದನ್ನು ಮೈಸೂರೇ ಲೋಕಕ್ಕೆ ಕೊಟ್ಟಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭವಾಯಿತು. ತಿರುಮಲೈ ಕೃಷ್ಣಮಾಚಾರ್ಯರು ಅಲ್ಲಿ ಅಧ್ಯಾಪಕರಾಗಿದ್ದರು. ಅವರ ‘ಯೋಗ ಮಕರಂದ’ವು ಕನ್ನಡದಲ್ಲಿಯೇ ಹೊರಬಂದಿತು. ಅವರ ಶಿಷ್ಯರಾದ ಪಟ್ಟಾಭಿ ಜೋಯಿಸರು ಅನುಸರಿಸಿದ ಬೋಧನಾಕ್ರಮವು ಇಂದು ಹೊರದೇಶಗಳಲ್ಲಿ ‘ಮೈಸೂರು ಪದ್ಧತಿ’ ಎಂದೇ ಹೆಸರಾಗಿದೆ. ಅದರಲ್ಲಿ ಎಲ್ಲರೂ ಒಂದೇ ಕೋಣೆಯಲ್ಲಿದ್ದರೂ ಒಬ್ಬೊಬ್ಬರೂ ತಮಗೆ ಕಲಿಸಿದಷ್ಟನ್ನು ತಮ್ಮ ಉಸಿರಿನ ಗತಿಗೆ ತಕ್ಕಂತೆ ಮಾಡುತ್ತಾರೆ. ಗುರುಗಳು ನಡುವೆ ಓಡಾಡುತ್ತ ತಿದ್ದುತ್ತಾರೆ. ಒಂದನ್ನು ಚೆನ್ನಾಗಿ ಕಲಿತ ಮೇಲೆಯೇ ಇನ್ನೊಂದು. ಹೀಗೆ ಕಂಠಪಾಠವಾದ ಸಾಧನೆಯನ್ನು ಶಿಷ್ಯನು ಎಲ್ಲಿಗೆ ಬೇಕಾದರೂ ಕೊಂಡೊಯ್ಯಬಹುದು.

ಇದನ್ನೇ ನಾವು ಅನುಸರಿಸಬಹುದು. ಅನುಕೂಲವಿರುವವರು ಮೊದಲು ಎರಡು ಮೂರು ತಿಂಗಳು ಬಲ್ಲವರೊಬ್ಬರ ಬಳಿ ಕಲಿಯಲಿ. ಆಮೇಲೆ ಮನೆಯಲ್ಲಿ ದಿನವೂ ಅಭ್ಯಾಸ ಮಾಡುತ್ತ, ಸಾಧ್ಯವಾದರೆ ವಾರಕ್ಕೆರಡು ದಿನ ಭಾರದ ಕೆಲಸಕ್ಕಾಗಿ ಗರಡಿಗೆ ಹೋಗಲಿ. ಹೋಗಲಾಗದವರು ಕೈಚೀಲದಲ್ಲಿ ಅಕ್ಕಿ ತುಂಬಿ, ಒಂದು ಕೈಯನ್ನು ಕುರ್ಚಿಗೆ ಊರಿ ಮುಂದಕ್ಕೆ ಬಾಗಿ, ಇನ್ನೊಂದು ಕೈಯಿಂದ ಚೀಲವನ್ನು ಪಕ್ಕೆಯವರೆಗೆ ಎಳೆದರೆ ಬೆನ್ನಿನ ಕೊರತೆ ನೀಗುತ್ತದೆ. ಎರಡು ಸೇರಿನಿಂದ ಆರಂಭಿಸಿ ಕ್ರಮವಾಗಿ ಏರಿಸಬಹುದು. ದಂಡ ಹೊಡೆಯಲಾಗದವರು ಗೋಡೆಗೆ ಕೈಕೊಟ್ಟು ಮಾಡಲಿ; ಬಸ್ಕಿ ಆಗದ ಹಿರಿಯರು ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳಲಿ. ಇವುಗಳ ಜೊತೆಗೆ ದಿನಕ್ಕೆ ಅರ್ಧ ಗಂಟೆಯ ಬಿರುಸಾದ ನಡಿಗೆಯಿದ್ದರೆ, ವಾರಕ್ಕೆ ಐದು ದಿನದಲ್ಲಿ 150 ನಿಮಿಷಗಳು ತುಂಬುತ್ತವೆ.

ಗರಡಿಯನ್ನು ಆರಿಸುವಾಗ ಯಂತ್ರಗಳನ್ನು ಎಣಿಸುವುದಕ್ಕಿಂತ ಕಲಿಸುವವರನ್ನು ಗಮನಿಸುವುದು ಲೇಸು. ಹೊಸಬರಿಗೆ ಅವರು ಹಗುರವಾದ ಭಾರ ಕೊಡುವರೇ? ರೋಗಗಳ ವಿಷಯ ವಿಚಾರಿಸುವರೇ? ಒಂದು ತಿಂಗಳ ಶುಲ್ಕಕ್ಕೆ ಒಪ್ಪುವರೇ? ಬೇಗ ಮೈ ತುಂಬಿಸುವುದಾಗಿ ಹೇಳಿ ಹೆಸರಿಲ್ಲದ ಪುಡಿಯನ್ನೋ ಚುಚ್ಚುಮದ್ದನ್ನೋ ಕೊಡಬಂದರೆ ಆ ಬಾಗಿಲನ್ನು ಮತ್ತೆ ತುಳಿಯಬಾರದು. ಮೈಗೆ ಬೇಕಾದ ಸಾರವು ನಮ್ಮ ಹುರುಳಿ, ಅವರೆ, ಹಾಲು, ಮೊಟ್ಟೆಗಳಲ್ಲಿಯೇ ಇದೆ.

ಕೆಲವು ಎಚ್ಚರಿಕೆಗಳು ಎರಡು ಕಡೆಗೂ ಸಮಾನ. ಹೃದ್ರೋಗವುಳ್ಳವರೂ, ಬಹುಕಾಲ ಕುಳಿತೇ ಇದ್ದು ನಡುವಯಸ್ಸು ದಾಟಿದವರೂ ವೈದ್ಯರನ್ನು ಕಂಡು ಆರಂಭಿಸಬೇಕು. ರಕ್ತದೊತ್ತಡವಿರುವವರು ಭಾರವೆತ್ತುವಾಗ ಉಸಿರು ಕಟ್ಟಬಾರದು. ಇನ್ಸುಲಿನ್ ತೆಗೆದುಕೊಳ್ಳುವವರು ಬಳಿಯಲ್ಲಿ ಸಕ್ಕರೆಯನ್ನೋ ಬೆಲ್ಲವನ್ನೋ ಇಟ್ಟುಕೊಂಡಿರಬೇಕು. ಎದೆನೋವು, ತಲೆಸುತ್ತು ಬಂದರೆ ಆ ಕ್ಷಣವೇ ನಿಲ್ಲಿಸಿ ವೈದ್ಯರ ಬಳಿಗೆ ಹೋಗಬೇಕು.

ಗರಡಿ ದೊಡ್ಡದಾದ ಮಾತ್ರಕ್ಕೆ ಮೈ ಗಟ್ಟಿಯಾಗದು. ಮನೆ ಚಿಕ್ಕದಾದ ಮಾತ್ರಕ್ಕೆ ಸಾಧನೆ ಕುಂದದು. ದಿನವೂ ನಡೆಯುವ ಅಲ್ಪ ಸಾಧನೆಯು ಅಪರೂಪಕ್ಕೆ ನಡೆಯುವ ಮಹಾಸಾಧನೆಗಿಂತ ಮೇಲು. ಯಾವ ಸ್ಥಳದಲ್ಲಿ ಅದು ನಿಲ್ಲದೆ ನಡೆಯುವುದೋ ಅದೇ ನಮಗೆ ತಕ್ಕ ಗರಡಿಯೆಂದು ತಿಳಿದು, ಶ್ರೋತೃಗಳು ನಾಳೆಯೆನ್ನದೆ ಇಂದೇ ಹತ್ತು ನಿಮಿಷಗಳಿಂದ ಆರಂಭಿಸುವರೆಂದು ಹಾರೈಸುತ್ತೇವೆ.