ಮನೆಯೊಳಗಿನ ಕಡಲು: ಮೀನು, ಹವಳ ಕೊಳ್ಳುವ ಮುನ್ನ

ಬೆಂಗಳೂರು: 2003ರಲ್ಲಿ ತೆರೆಕಂಡ ‘ಫೈಂಡಿಂಗ್ ನೀಮೊ’ ಚಿತ್ರದ ಬಳಿಕ, ಕಿತ್ತಳೆ ಮೈಯ ಮೇಲೆ ಬಿಳಿ ಪಟ್ಟಿ ಹೊತ್ತ ಕ್ಲೌನ್ ಮೀನು ಮಕ್ಕಳಿಗೆ ಚಿರಪರಿಚಿತವಾಯಿತು. ಗೋಲ್ಡ್ ಫಿಶ್ ಸಾಕಿ ಅನುಭವ ಪಡೆದವರು ಉಪ್ಪುನೀರಿನ ಅಕ್ವೇರಿಯಂ ಕಡೆ ಹೊರಳುವುದು ಈಗ ಅಪರೂಪವಲ್ಲ. ಆದರೆ ಗಾಜಿನ ತೊಟ್ಟಿಯೊಳಗೆ ಕಡಲನ್ನು ಕಟ್ಟುವುದು ಸಿಹಿನೀರಿನ ಹವ್ಯಾಸದಷ್ಟು ಸುಲಭವಲ್ಲ. ಇಲ್ಲಿ ತಪ್ಪು ಆಯ್ಕೆ ಮೀನಿನ ಜೀವಕ್ಕೆ ಮುಳುವಾಗಬಹುದು, ಕೆಲವೊಮ್ಮೆ ಸಾಕಿದವರನ್ನು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿಸಬಹುದು.

ಕಾನೂನು ಏನು ಹೇಳುತ್ತದೆ?

ಹವಳ ಗಿಡವೂ ಅಲ್ಲ, ಕಲ್ಲೂ ಅಲ್ಲ. ಸುಣ್ಣದ ಗೂಡು ಕಟ್ಟಿಕೊಂಡು ಗುಂಪಾಗಿ ಬಾಳುವ ಪುಟ್ಟ ಜೀವಿಗಳ ಸಮೂಹ ಅದು. ದಿಬ್ಬ ಕಟ್ಟುವ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ ಹಾಗೂ ಬೀಸಣಿಗೆಯಾಕಾರದ ಸಮುದ್ರ ಹವಳಗಳನ್ನು 2001ರಲ್ಲಿ ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಮೊದಲನೇ ಅನುಸೂಚಿಗೆ ಸೇರಿಸಲಾಯಿತು. ಅಂದರೆ ಹುಲಿ, ಆನೆಗಳಿಗಿರುವ ರಕ್ಷಣೆಯೇ ಇವುಗಳಿಗೂ ಇದೆ. ಕಡಲ್ಗುದುರೆಯೂ ಇದೇ ಪಟ್ಟಿಯಲ್ಲಿದೆ. ಅಪರಾಧ ಸಾಬೀತಾದರೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ.

ಸತ್ತ ಹವಳದ ತುಂಡುಗಳ ವ್ಯಾಪಾರವೂ ಅಪರಾಧವೇ. ‘ಲೈವ್ ರಾಕ್’ ಹೆಸರಿನಲ್ಲಿ ಮಾರುವ ಬಂಡೆ ಬಹುಪಾಲು ಹಳೆಯ ಹವಳದ ಅಸ್ಥಿಪಂಜರವೇ ಆಗಿರುತ್ತದೆ ಎಂಬುದನ್ನು ಮರೆಯಬಾರದು. ವಿದೇಶದಿಂದ ತರಿಸಿದ್ದು ಎಂಬ ವ್ಯಾಪಾರಿಯ ಬಾಯಿಮಾತು ಸಾಲದು; ಗಟ್ಟಿ ಹವಳಗಳ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದೆ.

ಹಾಗಾದರೆ ಹವಳದ ಸೊಬಗು ಬೇಡವೇ? ಸೆರಾಮಿಕ್ ಬಂಡೆ ಮತ್ತು ರಾಳದಿಂದ ತಯಾರಿಸಿದ ಕೃತಕ ಹವಳಗಳು ಲಭ್ಯವಿವೆ. ರಂಧ್ರಗಳುಳ್ಳ ಸೆರಾಮಿಕ್ ಬಂಡೆಯಲ್ಲಿ ಉಪಯುಕ್ತ ಬ್ಯಾಕ್ಟೀರಿಯಾ ಚೆನ್ನಾಗಿಯೇ ನೆಲೆಸುತ್ತವೆ. ಅಂಗಡಿಗಳಲ್ಲಿ ದೊರೆಯುವ ಮೃದು ಹವಳಗಳನ್ನು ಕೊಳ್ಳುವ ಮುನ್ನ ಜಾತಿ ಯಾವುದೆಂದು ತಿಳಿದು, ದಾಖಲೆ ಕೇಳಿ, ಅರಣ್ಯ ಇಲಾಖೆಯಿಂದ ಸ್ಪಷ್ಟನೆ ಪಡೆಯುವುದು ಕ್ಷೇಮ. ಇವುಗಳ ಜೊತೆಗೇ ಮಾರಾಟವಾಗುವ ಜೋಆಂಥಿಡ್‌ಗಳಲ್ಲಿ ಕೆಲವು ‘ಪಾಲಿಟಾಕ್ಸಿನ್’ ಎಂಬ ಘೋರ ವಿಷ ಹೊಂದಿರುತ್ತವೆ. ಬರಿಗೈಯಲ್ಲಿ ಮುಟ್ಟುವುದು, ಬಿಸಿನೀರಿನಲ್ಲಿ ತೊಳೆಯುವುದು ಅಪಾಯಕಾರಿ.

ಮೊದಲು ನೀರು, ಆಮೇಲೆ ಮೀನು

ತೊಟ್ಟಿ ತುಂಬಿಸಿದ ದಿನವೇ ಮೀನು ಬಿಡುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು. ಮೀನಿನ ಮಲ ಮತ್ತು ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಮೊದಲೆರಡು ಮೀನಿಗೆ ವಿಷ. ಮೂರನೆಯದರ ಹಾನಿ ಕಡಿಮೆ. ಈ ಬ್ಯಾಕ್ಟೀರಿಯಾಗಳು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಶೂನ್ಯ ತೋರಿಸಿದ ಬಳಿಕವೇ ಮೊದಲ ಮೀನು ಬರಬೇಕು.

ನೀರಿನ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿ, ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ನಲ್ಲಿ ನೀರಿನಲ್ಲಿ ಕ್ಲೋರಿನ್, ಕೊಳವೆಬಾವಿ ನೀರಿನಲ್ಲಿ ಲವಣಾಂಶ ಹೆಚ್ಚಿರುವುದರಿಂದ ಆರ್‌ಒ ನೀರಿಗೆ ಸಮುದ್ರ ಲವಣ ಬೆರೆಸುವುದು ಸೂಕ್ತ. ಕರೆಂಟು ಕೈಕೊಟ್ಟಾಗ ನೆರವಾಗಲು ಬ್ಯಾಟರಿ ಚಾಲಿತ ಗಾಳಿ ಪಂಪ್ ಇರಲಿ.

ಯಾವ ಮೀನು ಸೂಕ್ತ?

ಸುಮಾರು 200 ಲೀಟರಿನ ತೊಟ್ಟಿಗೆ ಒಂದು ಜೋಡಿ ಕ್ಲೌನ್ ಮೀನು ಒಳ್ಳೆಯ ಆರಂಭ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಇವುಗಳನ್ನು ಮೊಟ್ಟೆಕೇಂದ್ರದಲ್ಲೇ ಮರಿ ಮಾಡಿಸುವ ತಂತ್ರಜ್ಞಾನವನ್ನು ಅಭಿವೃದ್ಧಿಪಡಿಸಿದೆ. ಮರಿ ಕೇಂದ್ರದಲ್ಲಿ ಬೆಳೆದ ಮೀನು ಒಣ ಆಹಾರಕ್ಕೆ ಬೇಗ ಒಗ್ಗುತ್ತದೆ, ಕಡಲಿನ ಮೀನುಗಳೂ ಉಳಿಯುತ್ತವೆ. ಕ್ಲೌನ್ ಮೀನಿಗೆ ಸಮುದ್ರ ಹೂವು, ಅಂದರೆ ಅನಿಮೊನಿ, ಇರಲೇಬೇಕೆಂದಿಲ್ಲ. ಎರಡು ಮರಿಗಳನ್ನು ತಂದರೆ ಬಲಶಾಲಿಯಾದದ್ದು ಹೆಣ್ಣಾಗಿ, ಇನ್ನೊಂದು ಗಂಡಾಗಿ ಬೆಳೆಯುವುದು ಈ ಮೀನಿನ ವೈಚಿತ್ರ್ಯ.

ಇವುಗಳೊಂದಿಗೆ ಒಂದೆರಡು ಗೋಬಿ, ಫೈರ್‌ಫಿಶ್ ಮತ್ತು ಸ್ವಚ್ಛತೆಗೆ ಕ್ಲೀನರ್ ಸೀಗಡಿ ಹೊಂದಿಕೊಳ್ಳುತ್ತವೆ. ಫೈರ್‌ಫಿಶ್ ನೀರಿನಿಂದ ಹೊರಗೆ ನೆಗೆಯುವುದರಿಂದ ತೊಟ್ಟಿಗೆ ಬಲೆಯ ಮುಚ್ಚಳ ಬೇಕು. ಪ್ರತಿ ಬಾರಿ ಒಂದೋ ಎರಡೋ ಮೀನು ಮಾತ್ರ ಸೇರಿಸಿ, ನಡುವೆ ಕನಿಷ್ಠ ಎರಡು ವಾರಗಳ ಅಂತರವಿರಲಿ. ಜಗಳಗಂಟ ಡ್ಯಾಮ್ಸೆಲ್ ಮೀನು ಬೇಕೆಂದರೆ ಕೊನೆಯಲ್ಲಿ ಬರಲಿ. ಮೊದಲೇ ಬಂದರೆ ಇಡೀ ತೊಟ್ಟಿ ತನ್ನದೆಂದು ಉಳಿದವುಗಳನ್ನು ಅಟ್ಟಾಡಿಸುತ್ತದೆ.

ಬೇಡವಾದವು ಯಾವುವು?

‘ಡೋರಿ’ ಎಂದೇ ಪ್ರಸಿದ್ಧವಾದ ನೀಲಿ ಟ್ಯಾಂಗ್ ಅಂಗಡಿಯಲ್ಲಿ ಪುಟ್ಟದಾಗಿ ಕಂಡರೂ ಸುಮಾರು 30 ಸೆಂಟಿಮೀಟರ್ ಬೆಳೆಯುತ್ತದೆ. ಸಣ್ಣ ತೊಟ್ಟಿ ಅದಕ್ಕೆ ಸೆರೆಮನೆ. ಬಣ್ಣಬಣ್ಣದ ಮ್ಯಾಂಡರಿನ್ ಮೀನಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳೇ ಆಹಾರವಾದ್ದರಿಂದ ಹೊಸ ತೊಟ್ಟಿಯಲ್ಲಿ ಹಸಿವಿನಿಂದ ಸಾಯುತ್ತದೆ. ಹಲವು ಚಿಟ್ಟೆ ಮೀನುಗಳು ಹವಳವನ್ನೇ ತಿನ್ನುವುದರಿಂದ ತೊಟ್ಟಿಯಲ್ಲಿ ಬದುಕುಳಿಯುವುದು ವಿರಳ. ಲಯನ್‌ಫಿಶ್ ಬಾಯಿಗೆ ಹಿಡಿಯುವ ಮೀನುಗಳನ್ನೆಲ್ಲ ನುಂಗುತ್ತದೆ.

ಕೊಳ್ಳುವಾಗ ಮೀನು ಆಹಾರ ತಿನ್ನುವುದನ್ನು ಕಣ್ಣಾರೆ ನೋಡಬೇಕು. ಮನೆಗೆ ತಂದ ಮೇಲೆ ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು ನಿಗಾ ವಹಿಸಬೇಕು. ಮೀನಿನ ರೋಗಕ್ಕೆ ಬಳಸುವ ತಾಮ್ರದ ಔಷಧ ಸೀಗಡಿಗೆ ಮಾರಕವಾದ್ದರಿಂದ ಅದನ್ನು ಮುಖ್ಯ ತೊಟ್ಟಿಗೆ ಹಾಕಲೇಬಾರದು.

ಹವಳದ ನಿಜವಾದ ಚೆಲುವನ್ನು ನೋಡಬೇಕೆನ್ನುವವರಿಗೆ ಲಕ್ಷದ್ವೀಪವಿದೆ, ಅಂಡಮಾನ್ ಇದೆ. ರಾಜ್ಯದಲ್ಲಿಯೇ ಮುರುಡೇಶ್ವರ ಬಳಿಯ ನೇತ್ರಾಣಿ ದ್ವೀಪದ ಸುತ್ತಲಿನ ನೀರಿನಲ್ಲಿ ಮುಳುಗಿ ಹವಳ, ಮೀನುಗಳನ್ನು ಕಾಣಬಹುದು. ಅವು ಅಲ್ಲಿಯೇ ಇರಲಿ. ಮನೆಯ ತೊಟ್ಟಿಗೆ ನಾಲ್ಕು ಗಟ್ಟಿಮುಟ್ಟಾದ ಮೀನು ಸಾಕು.