ಕೊರೊನಾ ಹೆಸರಿನ ದುಡ್ಡು ನಗರಸಭೆಗೆ ಬಂತೇ?

‘ಕೊರೊನಾ ಟೈಮಲ್ಲಿ ಸೆಂಟ್ರಲ್‌ನಿಂದ ಕೋಟಿಗಟ್ಟಲೆ ಬಂತಂತಲ್ಲ, ಅದೆಲ್ಲ ಎಲ್ಲೋಯ್ತು?’ ಮೈಸೂರು ಜಿಲ್ಲೆಯ ಹುಣಸೂರಿನಲ್ಲಿ ಚರಂಡಿ ಕಟ್ಟಿಕೊಂಡಾಗ, ಬೀದಿದೀಪ ಕೆಟ್ಟಾಗ, ನಲ್ಲಿಯಲ್ಲಿ ನೀರು ಬಾರದೆ ಹೋದಾಗ ಏಳುವ ಪ್ರಶ್ನೆ ಇದು. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಪುರಸಭೆಗಳ ಮುಂದೆಯೂ ಇದೇ ಮಾತು.

ಕೇಳಲೇಬೇಕಾದ ಪ್ರಶ್ನೆ. ಆದರೆ ಯಾವ ಹಣ ಯಾವ ಲೆಕ್ಕದಲ್ಲಿ ಯಾರ ಕೈಗೆ ಬಂತು ಎಂಬುದು ಗೊತ್ತಿಲ್ಲದಿದ್ದರೆ ಜನ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುತ್ತಾರೆ, ನಿಜವಾಗಿ ಲೆಕ್ಕ ಕೊಡಬೇಕಾದವರು ನೆಮ್ಮದಿಯಾಗಿ ಕುಳಿತಿರುತ್ತಾರೆ. ಹುಣಸೂರು ನಗರಸಭೆಯ 31 ವಾರ್ಡ್‌ಗಳಿಗೆ ಚುನಾವಣೆ ನಡೆದದ್ದು 2020ರ ಫೆಬ್ರುವರಿಯಲ್ಲಿ. ಮಾರ್ಚ್ 25ರಿಂದ ದೇಶಕ್ಕೇ ಬೀಗ ಬಿತ್ತು. ಆ ಹೊತ್ತಿನಿಂದ ಹುಟ್ಟಿಕೊಂಡ ಹಲವು ನಂಬಿಕೆಗಳು ಇಂದಿಗೂ ಊರಲ್ಲಿ ಓಡಾಡುತ್ತಿವೆ. ಅವುಗಳಲ್ಲಿ ಮುಖ್ಯವಾದವನ್ನು ಒಂದೊಂದಾಗಿ ನೋಡಬಹುದು.

ತಪ್ಪು ಕಲ್ಪನೆ: ಕೇಂದ್ರದ ಕೊರೊನಾ ಪ್ಯಾಕೇಜಿನ ಪಾಲು ನಗರಸಭೆಯ ಖಾತೆಗೇ ಬಂದಿತ್ತು

ಸತ್ಯ: ಹೀಗೆ ಕೊಟ್ಟ ದೇಶ ಅಮೆರಿಕ. 2021ರ ಮಾರ್ಚ್ 11ರಂದು ಅಲ್ಲಿ ಜಾರಿಗೆ ಬಂದ ಕಾಯ್ದೆಯು ರಾಜ್ಯಗಳಿಗೂ ಸ್ಥಳೀಯ ಸರ್ಕಾರಗಳಿಗೂ ಸೇರಿ 35,000 ಕೋಟಿ ಡಾಲರ್ ಚೇತರಿಕೆ ನಿಧಿಯನ್ನು ಎತ್ತಿಟ್ಟಿತು. ದೊಡ್ಡ ನಗರಗಳಿಗೆ ಆ ಹಣ ನೇರವಾಗಿ ಹೋಯಿತು, ಸಣ್ಣ ಊರುಗಳಿಗೆ ರಾಜ್ಯದ ಮೂಲಕ ತಲುಪಿತು. ಲಾಕ್‌ಡೌನ್‌ನಿಂದ ಕೈತಪ್ಪಿದ ಆದಾಯವನ್ನು ತುಂಬಿಕೊಳ್ಳಲು, ಅಗತ್ಯ ಸೇವೆಯಲ್ಲಿ ದುಡಿದ ನೌಕರರಿಗೆ ಹೆಚ್ಚುವರಿ ವೇತನ ಕೊಡಲು, ನೀರು ಮತ್ತು ಒಳಚರಂಡಿ ಕೆಲಸಕ್ಕೆ ಅದನ್ನು ಬಳಸಬಹುದಿತ್ತು.

ಭಾರತದಲ್ಲಿ 2020ರ ಮೇ 12ರಂದು ಘೋಷಣೆಯಾದ 20 ಲಕ್ಷ ಕೋಟಿ ರೂಪಾಯಿಯ ಪ್ಯಾಕೇಜಿನ ಸ್ವರೂಪವೇ ಬೇರೆ. ಅದರಲ್ಲಿ ದೊಡ್ಡ ಪಾಲು ಸಾಲ, ಸಾಲದ ಖಾತರಿ ಮತ್ತು ರಿಸರ್ವ್ ಬ್ಯಾಂಕಿನ ಕ್ರಮಗಳದ್ದು. ನಗರಸಭೆಗಳಿಗೆಂದೇ ಹೊಸ ಪರಿಹಾರ ನಿಧಿ ಅದರಲ್ಲಿ ಇರಲಿಲ್ಲ. ಕೇಂದ್ರದಿಂದ ಊರಿಗೆ ಹಣ ಬಂದದ್ದು ಹಳೆಯ ದಾರಿಯಲ್ಲೇ, ಹಣಕಾಸು ಆಯೋಗದ ಅನುದಾನವಾಗಿ. ಎನ್.ಕೆ. ಸಿಂಗ್ ಅಧ್ಯಕ್ಷತೆಯ 15ನೇ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಐದು ವರ್ಷಕ್ಕೆ ದೇಶದ ಸ್ಥಳೀಯ ಸಂಸ್ಥೆಗಳಿಗೆ ಒಟ್ಟು 4,36,361 ಕೋಟಿ ರೂಪಾಯಿ ಶಿಫಾರಸು ಮಾಡಿತು. ನಗರ ಸಂಸ್ಥೆಗಳ ಪಾಲು 1,21,055 ಕೋಟಿ. ನಗರಸಭೆಯ ಕಡತಗಳಲ್ಲಿ ಹುಡುಕಬೇಕಾದ ಹೆಸರು ‘15ನೇ ಹಣಕಾಸು’.

ತಪ್ಪು ಕಲ್ಪನೆ: ಸೋಂಕು ಹೆಚ್ಚಿದ್ದ ಊರಿಗೆ ಹೆಚ್ಚು ಹಣ ಬಂತು

ಸತ್ಯ: ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯಗಳಿಗೆ ಹಂಚುವಾಗ ಆಯೋಗ ನೋಡಿದ್ದು ಎರಡೇ ಅಂಶ: ಜನಸಂಖ್ಯೆಗೆ ಶೇ 90, ಭೂವಿಸ್ತೀರ್ಣಕ್ಕೆ ಶೇ 10. ಎಷ್ಟು ಜನ ಕಾಯಿಲೆ ಬಿದ್ದರು, ಎಷ್ಟು ಅಂಗಡಿ ಮುಚ್ಚಿದವು ಎಂಬುದು ಲೆಕ್ಕಕ್ಕೆ ಬರಲಿಲ್ಲ.

ಇನ್ನೊಂದು ಅಂಕಿ ಅಂಶ ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. 2020–21ಕ್ಕೆ ದೇಶದ ನಗರ ಸಂಸ್ಥೆಗಳಿಗೆ ಆಯೋಗ ಶಿಫಾರಸು ಮಾಡಿದ್ದು 29,250 ಕೋಟಿ ರೂಪಾಯಿ. ಎರಡನೇ ಅಲೆ ಅಪ್ಪಳಿಸಿದ 2021–22ಕ್ಕೆ ಆ ಮೊತ್ತ 22,114 ಕೋಟಿ. ಆ ವರ್ಷದಿಂದ ಆರೋಗ್ಯಕ್ಕೆಂದೇ ಬೇರೆ ಅನುದಾನ ಸೇರಿತು ನಿಜ, ಅದರ ವಿಷಯ ಮುಂದೆ ಬರುತ್ತದೆ. ಆದರೆ ಚರಂಡಿ, ನೀರು, ಕಸದ ಕೆಲಸಕ್ಕೆ ಒದಗುವ ಹಣ ಕೊರೊನಾದಿಂದಾಗಿ ಏರಿತು ಎನ್ನಲು ಆಧಾರವಿಲ್ಲ.

ತಪ್ಪು ಕಲ್ಪನೆ: ಗ್ರಾಮ ಪಂಚಾಯಿತಿಗೆ ಬಂದ ಹಣ ನಗರಸಭೆಗೂ ಬಂದಿರಲೇಬೇಕು

ಸತ್ಯ: ಈ ಗೊಂದಲಕ್ಕೆ ಕಾರಣವಾದ ಘಟನೆ ನಿಜವಾಗಿ ನಡೆದದ್ದೇ. 2021ರ ಮೇ ತಿಂಗಳಲ್ಲಿ ಎರಡನೇ ಅಲೆ ಉಕ್ಕುತ್ತಿದ್ದಾಗ ಕೇಂದ್ರ ಹಣಕಾಸು ಸಚಿವಾಲಯವು 25 ರಾಜ್ಯಗಳಿಗೆ 8,923.8 ಕೋಟಿ ರೂಪಾಯಿಯನ್ನು ಅವಧಿಗೆ ಮುಂಚೆಯೇ ಬಿಡುಗಡೆ ಮಾಡಿತು. ಕೊರೊನಾ ತಡೆಗೂ ಬಳಸಬಹುದೆಂದು ಅದರಲ್ಲಿ ಹೇಳಿತ್ತು. ಸುದ್ದಿ ಎಲ್ಲ ಕಡೆ ಹಬ್ಬಿತು. ಆದರೆ ಆ ಹಣ ಪೂರ್ತಿ ಗ್ರಾಮೀಣ ಸಂಸ್ಥೆಗಳದ್ದು, ನಗರಸಭೆ ಪುರಸಭೆಗಳಿಗೆ ಅದರಲ್ಲಿ ಪಾಲಿರಲಿಲ್ಲ. ಅದು ಹೆಚ್ಚುವರಿ ಹಣವೂ ಆಗಿರಲಿಲ್ಲ. ಜೂನ್‌ನಲ್ಲಿ ಬರಬೇಕಿದ್ದ ಕಂತು ಒಂದು ತಿಂಗಳು ಮೊದಲು ಬಂತು, ಅಷ್ಟೇ.

ನರೇಗಾದಲ್ಲೂ ಇದೇ ಗಡಿ. 2020ರ ಮೇನಲ್ಲಿ ಆ ಯೋಜನೆಗೆ ಕೇಂದ್ರ 40,000 ಕೋಟಿ ಹೆಚ್ಚುವರಿಯಾಗಿ ಘೋಷಿಸಿದಾಗ ಬೆಂಗಳೂರಿನಿಂದ ಹಳ್ಳಿಗೆ ಮರಳಿದವರಿಗೆ ಕೂಲಿ ಕೇಳುವ ಹಕ್ಕಿತ್ತು. ಹುಣಸೂರು ಪಟ್ಟಣದೊಳಗೆ ಕೆಲಸ ಕಳೆದುಕೊಂಡ ಗಾರೆ ಕೆಲಸದವರಿಗೆ, ಹೋಟೆಲ್ ಕೆಲಸದವರಿಗೆ ಆ ಬಾಗಿಲು ತೆರೆದಿರಲಿಲ್ಲ. ಊರ ಗಡಿಯ ಆಚೆ ಈಚೆ ಇದ್ದ ಎರಡು ಮನೆಗಳಲ್ಲಿ ಒಂದಕ್ಕೆ ಸಿಕ್ಕ ಆಸರೆ ಇನ್ನೊಂದಕ್ಕೆ ಸಿಗಲಿಲ್ಲ. ಇದು ಸಣ್ಣ ಅನ್ಯಾಯವಲ್ಲ.

ತಪ್ಪು ಕಲ್ಪನೆ: ಬಂದ ಹಣವನ್ನು ಸದಸ್ಯರು ಹೇಗೆ ಬೇಕಾದರೂ ಖರ್ಚು ಮಾಡಬಹುದು

ಸತ್ಯ: ಹಣಕಾಸು ಆಯೋಗದ ದುಡ್ಡು ಅಡುಗೆಮನೆಯ ಸಾಂಬಾರ ಡಬ್ಬಿಯ ಹಾಗೆ ಖಾನೆ ಖಾನೆಯಾಗಿಯೇ ಬರುತ್ತದೆ. 2020–21ರಲ್ಲಿ ಅರ್ಧ ಹಣಕ್ಕೆ ಷರತ್ತು ಇತ್ತು. 2021–22ರಿಂದ 2025–26ರವರೆಗೆ ಹುಣಸೂರಿನಂಥ, ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಶೇ 60ರಷ್ಟು ಷರತ್ತಿನ ಹಣ, ಶೇ 40 ಮುಕ್ತ ಹಣ. ಆ 60ರಲ್ಲಿ ಅರ್ಧ ನೈರ್ಮಲ್ಯ ಮತ್ತು ಕಸ ವಿಲೇವಾರಿಗೆ, ಉಳಿದರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೆ. ಒಂದು ಬಾಬಿನಲ್ಲಿ ಮಾಡಬೇಕಾದ ಕೆಲಸ ಸಂಪೂರ್ಣ ಮುಗಿದಿದ್ದರೆ ಮಾತ್ರ ಅದರ ಪಾಲನ್ನು ಇನ್ನೊಂದಕ್ಕೆ ತಿರುಗಿಸಬಹುದು. ಸ್ವಾಗತ ಕಮಾನಿಗೋ ಸಭಾಭವನದ ಅಲಂಕಾರಕ್ಕೋ ಷರತ್ತಿನ ಹಣವನ್ನು ಮುಟ್ಟುವಂತಿಲ್ಲ.

ಹುಣಸೂರಿಗೆ ಈ ಖಾನೆಗಳ ಬೆಲೆ ಏನು ಎಂಬುದನ್ನು ಲಕ್ಷ್ಮಣತೀರ್ಥವೇ ತೋರಿಸುತ್ತದೆ. ಕೊಡಗಿನ ಇರ್ಪುವಿನ ಕಡೆಯಿಂದ ಇಳಿದು ಬರುವ ನದಿ ಹುಣಸೂರನ್ನು ಹಾದು ಕೃಷ್ಣರಾಜಸಾಗರದ ಹಿನ್ನೀರು ಸೇರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ಕರ್ನಾಟಕದ 17 ಕಲುಷಿತ ನದಿ ಭಾಗಗಳಲ್ಲಿ ಲಕ್ಷ್ಮಣತೀರ್ಥವೂ ಒಂದು. ಊರಿನ ಕೊಳಚೆ ಹೊಳೆಗೆ ಹೋಗದಂತೆ ತಡೆಯುವುದು, ಹಸಿ ಕಸ ಒಣ ಕಸ ಬೇರೆ ಮಾಡುವುದು, ಹಳೇ ಕಸದ ರಾಶಿ ಕರಗಿಸುವುದು, ಇವೆಲ್ಲ ನೈರ್ಮಲ್ಯಕ್ಕೆ ಮೀಸಲಾದ ಆ ಶೇ 30ರ ಖಾನೆಯ ಕೆಲಸಗಳೇ. ಹಾಗಾಗಿ ‘ಕೊರೊನಾ ದುಡ್ಡು ಏನಾಯಿತು’ ಎಂದು ಕೇಳುವುದಕ್ಕಿಂತ ‘ನೈರ್ಮಲ್ಯದ ಪಾಲಿನಲ್ಲಿ ಈ ವರ್ಷ ಹೊಳೆಗಾಗಿ ಏನು ಮಾಡಿದಿರಿ’ ಎಂದು ಕೇಳಿದರೆ ಹಾರಿಕೆಯ ಉತ್ತರ ಕೊಡುವುದು ಕಷ್ಟ.

ಇನ್ನು ಹಣ ಖರ್ಚಾಗುವ ಬಗೆ. ವಾರ್ಡಿನ ಸದಸ್ಯರ ಹೆಸರಿಗೆ ಈ ಅನುದಾನ ಬರುವುದಿಲ್ಲ. ಎಂಜಿನಿಯರ್ ಅಂದಾಜುಪಟ್ಟಿ ಮಾಡುತ್ತಾರೆ, ಕ್ರಿಯಾಯೋಜನೆ ಕೌನ್ಸಿಲ್ ಸಭೆಯಲ್ಲಿ ಮಂಜೂರಾಗುತ್ತದೆ, ಜಿಲ್ಲಾಧಿಕಾರಿ ಕಚೇರಿಯ ಅನುಮೋದನೆಗೆ ಹೋಗುತ್ತದೆ. ಆಮೇಲೆ ಸಾರ್ವಜನಿಕ ಖರೀದಿಯ ಪಾರದರ್ಶಕತೆಗೆಂದು ಇರುವ 1999ರ ಕೆಟಿಪಿಪಿ ಕಾಯ್ದೆಯಂತೆ ಟೆಂಡರ್. ಕೆಲಸ ನಡೆದ ಮೇಲೆ ಅಳತೆ ಪುಸ್ತಕದಲ್ಲಿ ಬರೆದು ಬಿಲ್ ಪಾವತಿ. ಯಾವ ವಾರ್ಡಿನ ಯಾವ ಬೀದಿ ಕ್ರಿಯಾಯೋಜನೆಗೆ ಸೇರಬೇಕು ಎಂಬಲ್ಲಿ ಸದಸ್ಯರ ಮಾತು ನಡೆಯುತ್ತದೆ. ಪಕ್ಷಪಾತ ನಡೆದರೆ ಬಹುಪಾಲು ಅಲ್ಲೇ, ಟೆಂಡರ್‌ಗಿಂತ ಎಷ್ಟೋ ಮೊದಲು. ಆದ್ದರಿಂದ ಗಮನ ಇಡಬೇಕಾದ್ದೂ ಆ ಹಂತದಲ್ಲೇ.

ತಪ್ಪು ಕಲ್ಪನೆ: ಪೌರಕಾರ್ಮಿಕರ ಸಂಬಳ ಈ ಹಣದಿಂದಲೇ ಬರುತ್ತದೆ

ಸತ್ಯ: ಬರುವುದಿಲ್ಲ. ಷರತ್ತಿಲ್ಲದ ಶೇ 40ರಲ್ಲೂ ಸಂಬಳ ಮತ್ತು ಕಚೇರಿ ನಿರ್ವಹಣೆಯ ವೆಚ್ಚಕ್ಕೆ ನಿಷೇಧವಿದೆ. ವೇತನಕ್ಕೆ ರಾಜ್ಯ ಹಣಕಾಸು ಆಯೋಗದ (ಎಸ್‌ಎಫ್‌ಸಿ) ಅನುದಾನ ಬೇರೆ, ಬೀದಿದೀಪ ಮತ್ತು ನೀರಿನ ಪಂಪಿನ ವಿದ್ಯುತ್ ಬಿಲ್ಲಿಗೆ ಬೇರೆ, ಇತರ ಕೆಲಸಗಳಿಗೆ ಎಸ್‌ಎಫ್‌ಸಿ ಮುಕ್ತನಿಧಿ ಬೇರೆ. ಮಿಕ್ಕದ್ದನ್ನು ನಗರಸಭೆ ತನ್ನ ಆದಾಯದಿಂದ ಹೊಂದಿಸಬೇಕು.

ಎಲ್ಲರೂ ಬಾಗಿಲು ಹಾಕಿಕೊಂಡಿದ್ದ ದಿನಗಳಲ್ಲಿ ಬೆಳಗಿನ ಜಾವವೇ ಪೊರಕೆ ಹಿಡಿದು ಬೀದಿಗೆ ಇಳಿದವರು ಪೌರಕಾರ್ಮಿಕರು. ಅಮೆರಿಕದ ನಿಧಿ ಅಂಥ ನೌಕರರಿಗೆ ಹೆಚ್ಚುವರಿ ವೇತನ ಕೊಡಲು ಅವಕಾಶ ಕೊಟ್ಟಿತು, ನಮ್ಮ ಹಣಕಾಸು ಆಯೋಗದ ಅನುದಾನ ಕೊಡಲಿಲ್ಲ. ಅವರ ಬಾಕಿ ಸಂಬಳದ ಪ್ರಶ್ನೆ ಎದ್ದಾಗ ಬೆರಳು ತೋರಿಸಬೇಕಾದ್ದು ರಾಜ್ಯದ ಅನುದಾನ ಮತ್ತು ನಗರಸಭೆಯ ಸ್ವಂತ ಆದಾಯದ ಕಡೆಗೆ.

ತಪ್ಪು ಕಲ್ಪನೆ: ಮೃತರ ಪರಿಹಾರ, ವ್ಯಾಪಾರಿಗಳ ಸಾಲ, ಹೊಸ ಕ್ಲಿನಿಕ್, ಎಲ್ಲವೂ ನಗರಸಭೆಯ ಹಣ

ಸತ್ಯ: ಮೂರಕ್ಕೂ ಮೂರು ಮೂಲ. ಕೊರೊನಾದಿಂದ ಸತ್ತವರ ಕುಟುಂಬಕ್ಕೆ ಕೊಟ್ಟ 50,000 ರೂಪಾಯಿ ರಾಜ್ಯ ವಿಪತ್ತು ಪರಿಹಾರ ನಿಧಿಯದ್ದು, ಕಂದಾಯ ಇಲಾಖೆಯ ಮೂಲಕ ಬಂದದ್ದು. ದುಡಿಯುವ ಸದಸ್ಯರನ್ನು ಕಳೆದುಕೊಂಡ ಬಿಪಿಎಲ್ ಕುಟುಂಬಕ್ಕೆ ರಾಜ್ಯ ಸರ್ಕಾರ ಘೋಷಿಸಿದ 1 ಲಕ್ಷ ರೂಪಾಯಿ ಅದಕ್ಕಿಂತ ಪ್ರತ್ಯೇಕ.

ಬೀದಿ ಬದಿ ವ್ಯಾಪಾರಿಗಳ ಪಿಎಂ ಸ್ವನಿಧಿ 2020ರ ಜೂನ್ 1ರಂದು ಶುರುವಾಯಿತು. 2025ರವರೆಗೆ ಮೊದಲ ಸಾಲ 10,000 ರೂಪಾಯಿ, ಸರಿಯಾಗಿ ತೀರಿಸಿದವರಿಗೆ ಮುಂದೆ 20,000 ಮತ್ತು 50,000 ಇತ್ತು, ಜೊತೆಗೆ ಶೇ 7 ಬಡ್ಡಿ ಸಹಾಯಧನ. ಹಣ ಕೊಡುವುದು ಬ್ಯಾಂಕು. ನಗರಸಭೆಯ ಪಾತ್ರ ವ್ಯಾಪಾರಿಯನ್ನು ಗುರುತಿಸಿ ಪ್ರಮಾಣಪತ್ರ ಅಥವಾ ಶಿಫಾರಸು ಪತ್ರ ಕೊಡುವುದು. ಬ್ಯಾಂಕ್ ಅರ್ಜಿ ತಳ್ಳಿಹಾಕಿದರೆ ಅದಕ್ಕೆ ನಗರಸಭೆಯನ್ನು ಬೈದು ಪ್ರಯೋಜನವಿಲ್ಲ. ಪತ್ರವನ್ನೇ ಕೊಡದೆ ಸತಾಯಿಸಿದರೆ ಮಾತ್ರ ಅಲ್ಲೇ ಕೂತು ಕೇಳಬೇಕು.

ಮೇಲೆ ಹೇಳಿದ ಆರೋಗ್ಯ ಅನುದಾನ ದೇಶಕ್ಕೆ ಐದು ವರ್ಷಕ್ಕೆ 70,051 ಕೋಟಿ, ಅದರಲ್ಲಿ ನಗರಗಳಿಗೆ ಸಂಬಂಧಿಸಿದ್ದು 26,123 ಕೋಟಿ. ಕರ್ನಾಟಕ ಅದರ ನೆರವಿನಲ್ಲಿ 438 ‘ನಮ್ಮ ಕ್ಲಿನಿಕ್’ಗಳ ಯೋಜನೆ ಹಾಕಿಕೊಂಡು 2022ರ ಡಿಸೆಂಬರ್‌ನಲ್ಲಿ ಚಾಲನೆ ನೀಡಿತು. ವೈದ್ಯರು, ಔಷಧ, ಸಿಬ್ಬಂದಿಯ ಹೊಣೆ ಆರೋಗ್ಯ ಇಲಾಖೆಯದು.

ತಪ್ಪು ಕಲ್ಪನೆ: ಕೊರೊನಾದ ಎರಡು ವರ್ಷ ಸಂಸದರ ನಿಧಿ ಊರಿಗೆ ಬರಲಿಲ್ಲ, ಯಾರೋ ತಿಂದರು

ಸತ್ಯ: 2020ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟವೇ ಸಂಸದರ ಪ್ರದೇಶಾಭಿವೃದ್ಧಿ ನಿಧಿಯನ್ನು ಎರಡು ವರ್ಷಕ್ಕೆ ನಿಲ್ಲಿಸಿತು. ವರ್ಷಕ್ಕೆ 5 ಕೋಟಿ ಸಿಗುತ್ತಿದ್ದ ನಿಧಿ ಅದು. 2021ರ ನವೆಂಬರ್‌ನಲ್ಲಿ ಮತ್ತೆ ಶುರು ಮಾಡಿದಾಗ ಆ ವರ್ಷದ ಉಳಿದ ಅವಧಿಗೆ ಕೊಟ್ಟದ್ದು ತಲಾ 2 ಕೋಟಿ. ನಾಲ್ಕು ತಾಲ್ಲೂಕುಗಳ ಜನಕ್ಕೆ ಇಲ್ಲಿ ಇನ್ನೊಂದು ತೊಡಕಿದೆ. ಹುಣಸೂರು, ಪಿರಿಯಾಪಟ್ಟಣ ಮೈಸೂರು–ಕೊಡಗು ಲೋಕಸಭಾ ಕ್ಷೇತ್ರಕ್ಕೆ ಸೇರಿವೆ, ಕೆ.ಆರ್. ನಗರ ಮಂಡ್ಯಕ್ಕೆ, ಎಚ್.ಡಿ. ಕೋಟೆ ಚಾಮರಾಜನಗರಕ್ಕೆ. ಜಿಲ್ಲೆ ಒಂದೇ ಆದರೂ ಕೇಳಬೇಕಾದ ಸಂಸದರು ಮೂವರು.

ತಪ್ಪು ಕಲ್ಪನೆ: ನಾವು ಕಟ್ಟುವ ಕಂದಾಯಕ್ಕೂ ಕೇಂದ್ರದ ಹಣಕ್ಕೂ ಸಂಬಂಧವಿಲ್ಲ

ಸತ್ಯ: ಬಹಳ ಹತ್ತಿರದ ಸಂಬಂಧವಿದೆ. ರಾಜ್ಯವು ಆಸ್ತಿ ತೆರಿಗೆಗೆ ಕನಿಷ್ಠ ದರ ಪ್ರಕಟಿಸಬೇಕು, ಆಮೇಲೆ ತೆರಿಗೆ ವಸೂಲಿ ರಾಜ್ಯದ ಒಟ್ಟು ಉತ್ಪನ್ನದ ಬೆಳವಣಿಗೆಯ ವೇಗಕ್ಕೆ ಸರಿಯಾಗಿ ಏರಬೇಕು ಎಂಬುದು ನಗರ ಸಂಸ್ಥೆಗಳ ಅನುದಾನಕ್ಕೆ ಆಯೋಗ ಹಾಕಿದ ಷರತ್ತು. ಹಿಂದಿನ ವರ್ಷಗಳ ಲೆಕ್ಕಪತ್ರವನ್ನು ಸಾರ್ವಜನಿಕರಿಗೆ ಕಾಣುವಂತೆ ಆನ್‌ಲೈನ್‌ನಲ್ಲಿ ಹಾಕುವುದು ಇನ್ನೊಂದು. ಇವನ್ನು ಪಾಲಿಸದ ಊರು ಕಂತು ಕಳೆದುಕೊಳ್ಳುವ ಅಪಾಯವಿದೆ. ಲಾಕ್‌ಡೌನ್‌ನಲ್ಲಿ ಅಂಗಡಿ ಬಾಡಿಗೆಯೂ ಕಟ್ಟಲಾಗದ ಜನರಿದ್ದ ಊರಿಗೆ ವಸೂಲಿ ಏರಿಸು ಎನ್ನುವ ಷರತ್ತು ಭಾರವೇ. ಆದರೆ ತೆರಿಗೆಯ ಪಟ್ಟಿಗೇ ಸೇರದ ದೊಡ್ಡ ಕಟ್ಟಡಗಳನ್ನು ಪಟ್ಟಿಗೆ ತಂದರೆ ಬಡವರ ಮೇಲೆ ಹೊರೆ ಹಾಕದೆಯೂ ವಸೂಲಿ ಏರುತ್ತದೆ.

ಕೇಂದ್ರದಿಂದ ಬಂದ ಕಂತನ್ನು ರಾಜ್ಯವು ಹತ್ತು ಕೆಲಸದ ದಿನಗಳೊಳಗೆ ನಗರಸಭೆಗೆ ಕಳಿಸಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು ಎಂಬ ನಿಯಮವೂ ಇದೆ. ‘ಮೇಲಿಂದ ಬಂದಿಲ್ಲ’ ಎಂಬ ಉತ್ತರ ಸಿಕ್ಕಾಗ ನೆನಪಿಡಬೇಕಾದ ನಿಯಮ ಇದು.

ಲೆಕ್ಕ ನೋಡುವುದು ಹೇಗೆ?

ದೇಶದ ನಗರಸಭೆಗಳ ಲೆಕ್ಕಪತ್ರಗಳು ಕೇಂದ್ರದ ‘ಸಿಟಿ ಫೈನಾನ್ಸ್’ ಜಾಲತಾಣಕ್ಕೆ ಹೋಗುತ್ತವೆ. ಹಳ್ಳಿಯವರಿಗೆ ಪಂಚಾಯಿತಿಗಳ ಲೆಕ್ಕ ‘ಇ-ಗ್ರಾಮ್ ಸ್ವರಾಜ್’ನಲ್ಲಿ ಸಿಗುತ್ತದೆ. ಅದಕ್ಕೂ ಹೆಚ್ಚಿನ ವಿವರ ಬೇಕಾದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಸಾಕು. ಬಿಪಿಎಲ್ ಕುಟುಂಬಕ್ಕೆ ಆ ಶುಲ್ಕವೂ ಇಲ್ಲ, ಉತ್ತರ ಕೊಡಲು 30 ದಿನದ ಗಡುವು ಇದೆ. ಅರ್ಜಿಯಲ್ಲಿ ‘ಕೊರೊನಾ ನಿಧಿಯ ವಿವರ’ ಎಂದು ಬರೆದರೆ ‘ಅಂಥ ನಿಧಿ ಬಂದಿಲ್ಲ’ ಎಂಬ ಒಂದು ಸಾಲಿನ ಉತ್ತರ ಬರುವ ಸಾಧ್ಯತೆಯೇ ಹೆಚ್ಚು, ಆ ಉತ್ತರ ಸುಳ್ಳೂ ಆಗಿರುವುದಿಲ್ಲ. ಬದಲಿಗೆ ವರ್ಷವನ್ನು ನಮೂದಿಸಿ, 15ನೇ ಹಣಕಾಸು ಆಯೋಗದ ಅನುದಾನದ ಕ್ರಿಯಾಯೋಜನೆ, ಅದಕ್ಕೆ ಮಂಜೂರಾತಿ ಕೊಟ್ಟ ಸಭೆಯ ನಡಾವಳಿ, ಕಾಮಗಾರಿ ಆದೇಶ ಮತ್ತು ಅಳತೆ ಪುಸ್ತಕದ ಪ್ರತಿಯನ್ನು ಕೇಳಬೇಕು.

15ನೇ ಆಯೋಗದ ಅವಧಿ 2026ರ ಮಾರ್ಚ್ 31ರವರೆಗೆ. 2026–27ರಿಂದ ಐದು ವರ್ಷ ಅರವಿಂದ್ ಪನಗಾರಿಯಾ ಅಧ್ಯಕ್ಷತೆಯ 16ನೇ ಆಯೋಗದ ಶಿಫಾರಸುಗಳ ಕಾಲ. ಹೊಸ ಅನುದಾನದ ಕ್ರಿಯಾಯೋಜನೆ ಸಿದ್ಧವಾಗುವಾಗಲೇ ತಮ್ಮ ಬೀದಿಯ ಚರಂಡಿ, ನಲ್ಲಿ, ಕಸದ ಬೇಡಿಕೆಯನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯುವ ಅವಕಾಶ ಹುಣಸೂರಿನ ಪ್ರತಿ ವಾರ್ಡಿನ ಜನರಿಗೂ ಇದೆ.