ಮಿಲ್ಲಿಂಗ್ ಮಷಿನ್‌ಗೆ ಲಾರಿಯ ವೈಪರ್ ಮೋಟರ್

ಬಸವಕಲ್ಯಾಣ ಎಂದರೆ ಓದಿದವರಿಗೆ ಅನುಭವ ಮಂಟಪ, ಲಾರಿ ಓಡಿಸುವವರಿಗೆ ಆಟೋನಗರ. ಅಲ್ಲಿ ಲಾರಿಗೆ ಬಾಡಿ ಕಟ್ಟುತ್ತಾರೆ, ಚಾಸಿ ನೇರ ಮಾಡುತ್ತಾರೆ, ಹಳೆಯದನ್ನು ಬಿಚ್ಚುತ್ತಾರೆ. ಬಿಚ್ಚಿದ್ದರಲ್ಲಿ ಬೇಡವಾದದ್ದು ಗುಜರಿ ಸೇರುತ್ತದೆ. ಆ ಗುಜರಿಯಲ್ಲಿ ಸಿಗುವ ವೈಪರ್ ಮೋಟರಿನಿಂದ ಹುಮನಾಬಾದ್ ಕಡೆಯ ಒಂದು ಲೇತ್ ಅಂಗಡಿಯ ಕೆಲಸ ಹೇಗೆ ಹಗುರವಾಯಿತು ಎಂಬುದು ಇಲ್ಲಿನ ವಿಷಯ. ರಜೆಯಲ್ಲಿ ನಾನೂ ಗೆಳೆಯನೂ ಸೇರಿ ಅದನ್ನು ಕೂಡಿಸಿದೆವು.

ಹೆದ್ದಾರಿ 65ರ ಅಕ್ಕಪಕ್ಕದ ಇಂಥ ಅಂಗಡಿಗಳಿಗೆ ಬರುವ ಕೆಲಸ ಹೊಸ ಭಾಗ ತಯಾರಿಸುವುದಕ್ಕಿಂತ ಹಳೆಯದನ್ನು ಬದುಕಿಸುವುದೇ ಹೆಚ್ಚು. ಕಬ್ಬಿನ ಗಾಣದ ಶಾಫ್ಟಿಗೆ ಕೀ-ವೇ ಕೊರೆಯಬೇಕು, ರೋಟವೇಟರಿನ ಸವೆದ ಭಾಗ ಸಮ ಮಾಡಬೇಕು. ಮಷಿನ್‌ಗಳೂ ಸೆಕೆಂಡ್ ಹ್ಯಾಂಡೇ. ಬೆಂಗಳೂರಿನಲ್ಲಿ 1953ರಲ್ಲಿ ಎಚ್‌ಎಂಟಿ ಶುರುವಾದ ಮೇಲೆ ದೇಶದಲ್ಲೇ ಮಷಿನ್ ತಯಾರಿಸುವ ಕಾಲ ಬಂತು. ದೊಡ್ಡ ಕಾರ್ಖಾನೆಗಳು ಸಿಎನ್‌ಸಿ ಕಡೆ ಹೊರಳಿದಾಗ ಆ ತಲೆಮಾರಿನ ಮಷಿನ್‌ಗಳು ಕೈಯಿಂದ ಕೈಗೆ ದಾಟಿ ಸಣ್ಣ ಊರುಗಳಿಗೆ ಬಂದವು. ಎರಕದ ಮೈ ಇನ್ನೂ ಗಟ್ಟಿ, ಸವೆದಿರುವುದು ಸ್ಕ್ರೂ ಮತ್ತು ನಟ್. ಚಿಕ್ಕ ಮಷಿನ್‌ಗಳಲ್ಲಿ ಹಲವಕ್ಕೆ ಪವರ್ ಫೀಡ್ ಇರುವುದಿಲ್ಲ. ಕಟರನ್ನು ಮೋಟರ್ ತಿರುಗಿಸುತ್ತದೆ, ಆದರೆ ಜಾಬ್ ಹೊತ್ತ ಟೇಬಲನ್ನು ಕಟರಿನ ಕಡೆ ಸರಿಸುವುದು ಮನುಷ್ಯನ ಕೈ.

ಆ ಕೈಯ ಲೆಕ್ಕ ನೋಡಿ. ಸ್ಕ್ರೂ ಒಂದು ಸುತ್ತಿಗೆ ಟೇಬಲನ್ನು 5 ಮಿ.ಮೀ. ಸರಿಸುತ್ತದೆ. 600 ಮಿ.ಮೀ. ಉದ್ದದ ಜಾಬಿನ ಮೇಲೆ ಒಮ್ಮೆ ಹಾಯಲು 120 ಸುತ್ತು. ಹತ್ತು ಸಲ ಹಾಯ್ದರೆ 1,200, ವಾಪಸ್ ತರುವುದೂ ಸೇರಿದರೆ 2,400. ಇಷ್ಟನ್ನೂ ಒಂದೇ ವೇಗದಲ್ಲಿ ತಿರುಗಿಸಬೇಕು. ಭುಜ ಸೋತು ಕೈ ಒಂದು ಕ್ಷಣ ನಿಂತರೆ ಕಟರಿನ ಹಲ್ಲು ಕತ್ತರಿಸುವುದು ಬಿಟ್ಟು ಉಜ್ಜತೊಡಗುತ್ತದೆ. ಜಾಬಿನ ಮೇಲೆ ಗೆರೆ ಬೀಳುತ್ತದೆ, ಕಟರ್ ಬೇಗ ಮೊಂಡಾಗುತ್ತದೆ.

ಎಷ್ಟು ವೇಗ ಬೇಕು ಎಂಬುದು ನಮ್ಮ ಪರೀಕ್ಷೆಯಲ್ಲಿ ಎರಡು ಅಂಕದ ಸೂತ್ರ: ಕಟರಿನ ಹಲ್ಲುಗಳ ಸಂಖ್ಯೆ, ಒಂದು ಹಲ್ಲು ತೆಗೆಯುವ ಚೂರಿನ ದಪ್ಪ, ನಿಮಿಷಕ್ಕೆ ಸುತ್ತು, ಈ ಮೂರರ ಗುಣಲಬ್ಧ. 12 ಮಿ.ಮೀ. ವ್ಯಾಸದ, ನಾಲ್ಕು ಹಲ್ಲಿನ ಎಚ್‌ಎಸ್‌ಎಸ್ ಕಟರ್ ಮೆದು ಉಕ್ಕಿನ ಮೇಲೆ ನಿಮಿಷಕ್ಕೆ ಸುಮಾರು 660 ಸುತ್ತು ತಿರುಗಬಹುದು. ಹಲ್ಲಿಗೆ 0.04 ಮಿ.ಮೀ. ಎಂದರೆ ಟೇಬಲ್ ನಿಮಿಷಕ್ಕೆ ಸುಮಾರು 105 ಮಿ.ಮೀ. ಸಾಗಬೇಕು. ಅಂದರೆ ಸ್ಕ್ರೂ ನಿಮಿಷಕ್ಕೆ 21 ಸುತ್ತು.

ವೈಪರ್ ಮೋಟರ್ ಒಳಗೇ ವರ್ಮ್ ಗೇರ್ ಇದೆ. ಹೊರಗಿನ ದಂಡ ನಿಧಾನಕ್ಕೆ ನಿಮಿಷಕ್ಕೆ ಸುಮಾರು 45 ಸುತ್ತು, ಜೋರಿಗೆ 65 ಸುತ್ತು ಹೊಡೆಯುತ್ತದೆ. ಎಲೆಕ್ಟ್ರಾನಿಕ್ ಕಂಟ್ರೋಲರ್ ಹಾಕಿ ವೇಗ ಇಳಿಸಬಹುದು, ಆದರೆ ತೀರಾ ಇಳಿಸಿದರೆ ಮೋಟರ್ ಭಾರಕ್ಕೆ ತಡವರಿಸುತ್ತದೆ. ಸೈಕಲ್ ಚೈನೇ ವಾಸಿ. ಮೋಟರಿಗೆ 18 ಹಲ್ಲಿನ ಚಕ್ರ, ಸ್ಕ್ರೂಗೆ 44 ಹಲ್ಲಿನದು. ಆಗ ಟೇಬಲ್ ನಿಮಿಷಕ್ಕೆ ಒಂದು ವೇಗದಲ್ಲಿ 92 ಮಿ.ಮೀ., ಇನ್ನೊಂದರಲ್ಲಿ 133 ಮಿ.ಮೀ. ಸಾಗುತ್ತದೆ. ನಮಗೆ ಬೇಕಾದ 105 ಇವೆರಡರ ನಡುವೆ ಬರುತ್ತದೆ. ವೇಗಕ್ಕೆ ಇಷ್ಟು ಸಾಕು.

ಆದರೆ ಮೊದಲ ದಿನವೇ ಆಪರೇಟರ್ ಕಾಕಾ ತಕರಾರು ತೆಗೆದರು: 'ಕಟರ್ ಮೊಂಡ್ ಆತಂದ್ರ ಕೈಗಿ ತಿಳೀತದ ತಮ್ಮಾ. ಮೋಟರ್‌ಗಿ ಏನ್ ತಿಳೀತದ?' ನಾಲ್ಕು ವರ್ಷದ ಪಠ್ಯದಲ್ಲಿ ಇಷ್ಟು ಒಳ್ಳೆಯ ಪ್ರಶ್ನೆ ನಾನು ಕಂಡಿಲ್ಲ. ಕೈ ಬರೀ ಮೋಟರ್ ಅಲ್ಲ, ಅದು ಅಳತೆಯ ಸಾಧನವೂ ಹೌದು. ಕೈ ತೆಗೆದರೆ ಆ ಅರಿವಿನ ಬದಲಿಗೆ ಏನಾದರೂ ಇಡಲೇಬೇಕು.

ಹಾಗಾಗಿ ನಮ್ಮ ಸಮಯವೆಲ್ಲ ಹೋದದ್ದು ಮೋಟರ್ ಕೂಡಿಸಲು ಅಲ್ಲ, ನಿಲ್ಲಿಸುವುದಕ್ಕೆ. ದೊಡ್ಡ ಚಕ್ರವನ್ನು ಸಣ್ಣ ಹಿತ್ತಾಳೆ ಪಿನ್ನಿನಿಂದ ಹಿಡಿಸಿದೆವು. ಕಟರ್ ಸಿಕ್ಕಿಕೊಂಡರೆ ಪಿನ್ ಮುರಿದು ಕಟರ್ ಉಳಿಯುತ್ತದೆ. ಟೇಬಲಿನ ಎರಡೂ ತುದಿಗೆ ಲಿಮಿಟ್ ಸ್ವಿಚ್ ಹಾಕಿದೆವು. ವರ್ಮ್ ಗೇರನ್ನು ಹಿಂದಿನಿಂದ ತಿರುಗಿಸಲು ಆಗುವುದಿಲ್ಲ, ಆದ್ದರಿಂದ ಕೈ ಹ್ಯಾಂಡಲ್ ಬಳಸಬೇಕಾದಾಗ ಮೋಟರನ್ನು ಬಿಡಿಸಲು ಡಾಗ್ ಕ್ಲಚ್ ಬೇಕು. ಅದನ್ನು ಕಾಕಾ ತಮ್ಮ ಲೇತಿನಲ್ಲೇ ತಯಾರಿಸಿದರು. ಮೋಟರ್ ಓಡುವಾಗ ಹ್ಯಾಂಡಲನ್ನು ತೆಗೆದೇ ಇಡಬೇಕು. ನಿಧಾನವಾಗಿ ತಿರುಗಿದರೂ ಅಂಗಿ ಸಿಕ್ಕರೆ ಅದು ಬಿಡುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಕರೆಂಟಿನ ವಿಷಯ. ಕಟರಿನ ಮೋಟರ್ ತ್ರೀ ಫೇಸ್, ವೈಪರ್ ಮೋಟರಿನ ಸಪ್ಲೈ ಸಿಂಗಲ್ ಫೇಸ್. ನಮ್ಮ ಕಡೆ ಒಂದು ಫೇಸ್ ಹೋಗುವುದು ಹೊಸದೇನಲ್ಲ. ಆಗ ಓವರ್‌ಲೋಡ್ ರಿಲೇ ಟ್ರಿಪ್ ಆಗಿ ಕಟರ್ ನಿಲ್ಲುತ್ತದೆ, ಫೀಡ್ ಮಾತ್ರ ಉಳಿದ ಫೇಸಿನಲ್ಲಿ ಓಡುತ್ತಲೇ ಇರುತ್ತದೆ. ನಿಂತ ಕಟರಿಗೆ ಜಾಬ್ ಬಂದು ಗುದ್ದಿದರೆ ಹಲ್ಲು ಚೂರಾಗಿ ಮುಖಕ್ಕೂ ಸಿಡಿಯಬಹುದು. ಅದಕ್ಕೆ ವೈಪರ್ ಮೋಟರಿನ ವೈರನ್ನು ಕಟರಿನ ಕಂಟ್ಯಾಕ್ಟರಿನಲ್ಲಿರುವ ಹೆಚ್ಚುವರಿ ಕಾಂಟ್ಯಾಕ್ಟಿನ ಮೂಲಕ ತಂದೆವು. ಕಂಟ್ಯಾಕ್ಟರ್ ಬಿಟ್ಟರೆ ಫೀಡೂ ನಿಲ್ಲುತ್ತದೆ. ಇನ್ನೊಂದು ಎಚ್ಚರವೂ ಬೇಕು: ಹಲವು ವೈಪರ್ ಮೋಟರ್‌ಗಳ ಮೈಯೇ ನೆಗೆಟಿವ್. ಉಲ್ಟಾ ಓಡಿಸಲು ವೈರ್ ಅದಲುಬದಲು ಮಾಡಿದರೆ ಮೈಗೆ ಪಾಸಿಟಿವ್ ಬರುತ್ತದೆ. ನಮ್ಮದು ಫೈಬರ್ ತುಂಡಿನ ಮೇಲೆ, ಮಷಿನ್‌ನಿಂದ ಬೇರೆಯಾಗಿ ಕೂತಿದೆ.

ಸ್ಕ್ರೂವಿನ ಸವಕಳಿ ಮಾತ್ರ ಮೋಟರಿನಿಂದ ವಾಸಿಯಾಗುವುದಿಲ್ಲ. ಅಂಗಡಿಯಲ್ಲಿ ಅದಕ್ಕೆ 'ಪ್ಲೇ' ಅನ್ನುತ್ತಾರೆ. ಟೇಬಲಿಗೆ ಡಯಲ್ ಗೇಜ್ ತಾಗಿಸಿ, ಹ್ಯಾಂಡಲನ್ನು ಒಂದು ಕಡೆ ತಿರುಗಿಸಿ ಮತ್ತೆ ಹಿಂದಕ್ಕೆ ತಿರುಗಿಸಿದರೆ, ಮುಳ್ಳು ಅಲುಗುವ ಮೊದಲು ಹ್ಯಾಂಡಲ್ ಎಷ್ಟು ಪೊಳ್ಳಾಗಿ ತಿರುಗಿತೋ ಅಷ್ಟು ಪ್ಲೇ. ಈ ಮಷಿನ್‌ನಲ್ಲಿ ಅದು ಅರ್ಧ ಮಿ.ಮೀ. ಹತ್ತಿರ ಇತ್ತು. ಪಕ್ಕದ ಅಂಚು ಕತ್ತರಿಸುವಾಗ ಕಟರಿನ ಹಲ್ಲು ಸಾಗುವ ದಿಕ್ಕಿಗೇ ಜಾಬ್ ಸಾಗಿಸಿದರೆ ಕಟರ್ ಟೇಬಲನ್ನೇ ಸರಕ್ಕನೆ ಎಳೆದುಕೊಳ್ಳುತ್ತದೆ, ಆಗ ಕೈ ಇದ್ದರೂ ಅಷ್ಟೇ, ಮೋಟರ್ ಇದ್ದರೂ ಅಷ್ಟೇ. ಹೊಸ ನಟ್ ಬರುವ ತನಕ ಎದುರು ದಿಕ್ಕಿನಲ್ಲೇ ಕತ್ತರಿಸಬೇಕು ಎಂದು ಕಾಕಾ ಮಷಿನ್ ಮೇಲೆ ಚಾಕ್‌ಪೀಸಿನಲ್ಲಿ ಬಾಣ ಬರೆದಿದ್ದಾರೆ.

ಈಗ ಒಂದು ಸಲ ಹಾಯಲು ಆರೂವರೆ ನಿಮಿಷ. ಅಷ್ಟರಲ್ಲಿ ಕಾಕಾ ಪಕ್ಕದಲ್ಲೇ ನಿಂತು ಮುಂದಿನ ಶಾಫ್ಟಿಗೆ ಗುರುತು ಹಾಕುತ್ತಾರೆ, ನಡುನಡುವೆ ಟೇಬಲ್ ಮೇಲೆ ಅಂಗೈ ಇಟ್ಟು ಕಂಪನ ನೋಡುತ್ತಾರೆ. ವಾಪಸ್ ತರುವುದು ಇನ್ನೂ ಕೈಯಿಂದಲೇ, ಮೋಟರಿಗಿಂತ ಅದೇ ಬೇಗ. ಟೇಬಲ್ ಮೇಲೆತ್ತುವ ಹ್ಯಾಂಡಲಿಗೂ ಒಂದು ಮೋಟರ್ ಬೇಕೆಂದು ಅವರು ಕೇಳುತ್ತಿದ್ದಾರೆ. ಅಷ್ಟು ಭಾರ ವೈಪರ್ ಮೋಟರಿಗೆ ಆಗುವ ಮಾತಲ್ಲ.